ಗ್ಯಾಸ್ಕೆಟ್ಟಿಗೊಂದು ಹಣೆ

ನಾನು ಕೆಲಸದ ಬದುಕಿಡೀ ತೂತು ಕೊರೆದವಳು. ತೂತಿನ ಸುತ್ತ ಉಳಿದದ್ದನ್ನು ಮಾರಿ ನಮ್ಮ ವರ್ಕ್‌ಶಾಪು ನಡೆಯುತ್ತಿತ್ತು. ಹೀಗೆ ಹೇಳಿದರೆ ನನ್ನ ತಮ್ಮಂದಿರು ಈಗಲೂ ಬಿದ್ದು ಬಿದ್ದು ನಗುತ್ತಾರೆ. ಧಾರವಾಡದ ನಮ್ಮ ಮನೆಯಲ್ಲಿ ಅಪ್ಪ ಸಾಲೆಯ ಮಾಸ್ತರರು, ಅಕ್ಕ ಸಾಲೆಯ ಟೀಚರು, ತಮ್ಮಂದಿರು ಸರಕಾರಿ ನೌಕರರು, ಕಟ್ಟಿಕೊಂಡ ಗಂಡನೂ ಮಾಸ್ತರನೇ. ಇಷ್ಟು ಜನ ಸೀಮೆಸುಣ್ಣ ಮತ್ತು ಫೈಲು ಹಿಡಿದವರ ನಡುವೆ ಐಟಿಐ ಕಲಿತು, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗ್ಯಾಸ್ಕೆಟ್ ಕತ್ತರಿಸಲು ನಿಂತವಳು ನಾನೊಬ್ಬಳೇ. ಮದುವೆಗೆ ಮೊದಲು ನೋಡಲು ಬಂದವರು ಹುಡುಗಿ ಏನು ಮಾಡುತ್ತಾಳೆ ಎಂದು ಕೇಳಿದಾಗ ಅವ್ವ ಮಾತು ಹೊರಳಿಸಿ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದಳು.

ಹೊಸದಾಗಿ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರಿಗೂ ಹುಡುಗರಿಗೂ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯವರಿಗೂ ಇದು ಏನೆಂದು ಹೇಳುವ ಕಷ್ಟ ನಿಮಗಿದ್ದೇ ಇರುತ್ತದೆ. ಅಡುಗೆಮನೆಯ ಕುಕ್ಕರಿನ ರಬ್ಬರ್ ರಿಂಗನ್ನು ತೋರಿಸಿಬಿಡಿ. ಅದಿಲ್ಲದಿದ್ದರೆ ಉಗಿಯೆಲ್ಲ ಹೊರಗೆ, ಬೇಳೆಯೆಲ್ಲ ಹಸಿ. ಕಾರ್ಖಾನೆಗಳಲ್ಲೂ ಅಷ್ಟೇ. ಒಂದು ಪೈಪಿಗೂ ಇನ್ನೊಂದು ಪೈಪಿಗೂ ಜೋಡಣೆ ಆಗುವಲ್ಲಿ ಎರಡಕ್ಕೂ ತಟ್ಟೆಯಂಥ ಅಂಚು ಇರುತ್ತದೆ, ಅದಕ್ಕೆ ಫ್ಲ್ಯಾಂಜ್ ಎನ್ನುತ್ತಾರೆ. ಆ ಎರಡು ತಟ್ಟೆಗಳನ್ನು ಮುಖಾಮುಖಿ ಇಟ್ಟು, ನಡುವೆ ನಮ್ಮ ಬಳೆ ಇಟ್ಟು, ಸುತ್ತ ಬೋಲ್ಟು ಬಿಗಿದರೆ ಒಳಗಿನ ಉಗಿಯೋ ಎಣ್ಣೆಯೋ ಹಾಲೋ ಹೊರಗೆ ಬರುವುದಿಲ್ಲ. ಆ ಬಳೆಯೇ ಗ್ಯಾಸ್ಕೆಟ್. ಅದು ಚೆನ್ನಾಗಿದ್ದರೆ ಅದು ಇದೆ ಎಂಬುದೇ ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ.

ಬಡ್ತಿಯ ವಿಷಯ ಇಲ್ಲಿ ಬರೆಯುವುದಿಲ್ಲ. ಸ್ಟೂಲಿನಿಂದ ಕುರ್ಚಿಗೆ ಬಂದೆ, ಕುರ್ಚಿಗೆ ಆಮೇಲೆ ಗಾಲಿ ಬಂದವು, ಮುಗಿಯಿತು.

ನಮ್ಮ ಮಾಲೀಕರು ಇನಾಮದಾರ ಸಾಹೇಬರು. ತೆಳ್ಳಗಿನ ಮನುಷ್ಯ, ಬಿಳಿ ಶರ್ಟು, ಜೇಬಿನಲ್ಲಿ ಸದಾ ಒಂದು ತುಂಡು ಗ್ಯಾಸ್ಕೆಟ್ ಶೀಟು. ಯೋಚನೆ ಬಂದರೆ ಅದನ್ನು ತೆಗೆದು ಕೆನ್ನೆಗೆ ಸವರಿಕೊಳ್ಳುತ್ತಿದ್ದರು. ನಾನು ಸೇರಿದ ದಿನ ಅವರು ನನ್ನ ಸರ್ಟಿಫಿಕೇಟು ನೋಡಲಿಲ್ಲ. ಒಂದು ವಾಲ್ವಿನ ಫ್ಲ್ಯಾಂಜ್ ಮುಂದಿಟ್ಟು ಬೋಲ್ಟು ಬಿಗಿ ಅಂದರು. ನಾನು ಜಾಣೆಯ ಹಾಗೆ ಒಂದಾದ ಮೇಲೆ ಅದರ ಪಕ್ಕದ್ದು, ಅದರ ಪಕ್ಕದ್ದು ಎಂದು ಸುತ್ತು ಬಂದೆ. ಅವರು ಕೆನ್ನೆ ಸವರಿಕೊಂಡು, ಹೀಗೆ ಒಂದೇ ಕಡೆಯಿಂದ ಬಿಗಿದರೆ ಆ ಕಡೆ ಬಾಯಿ ಬಿಡುತ್ತದೆ, ಒಂದನ್ನು ಬಿಗಿದ ಮೇಲೆ ಅದರ ಎದುರಿಗಿನದನ್ನು ಬಿಗಿಯಬೇಕು, ಅದೂ ಸ್ವಲ್ಪ ಸ್ವಲ್ಪವೇ ಎಂದು ತೋರಿಸಿಕೊಟ್ಟರು. ನಿಮಗೆ ಇದೊಂದು ನೆನಪಿದ್ದರೂ ಅರ್ಧ ಕೆಲಸ ಬಂದಂತೆ. ಪಂಕ್ತಿಯಲ್ಲಿ ಬಡಿಸುವವರ ಹಾಗೆ ಸಾಲಾಗಿ ಬೋಲ್ಟು ಬಿಗಿಯುವವರನ್ನು ಕಂಡರೆ ನನಗೆ ಈಗಲೂ ಕೈ ತುರಿಸುತ್ತದೆ.

ಕತ್ತರಿಸುವ ಮೇಜು ಖಾದರ ಕಾಕಾ ಅವರದು. ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ತುಸು ಚಿಕ್ಕವರು, ಮಾತಿನಲ್ಲಿ ನನ್ನ ತಮ್ಮಂದಿರಿಗಿಂತ ಚಿಕ್ಕವರು. ಕಂಪಾಸಿನಲ್ಲಿ ಗೆರೆ ಎಳೆದು, ಕಟರ್ ತಿರುಗಿಸಿ, ಬೋಲ್ಟಿನ ತೂತುಗಳನ್ನು ಪಂಚಿನಿಂದ ಹೊಡೆದು, ಕೊನೆಗೆ ಪ್ರತಿ ಗ್ಯಾಸ್ಕೆಟ್ಟನ್ನೂ ಬಾಯಿಯ ಹತ್ತಿರ ತಂದು ಉಫ್ ಎಂದು ಊದುತ್ತಿದ್ದರು. ಊದದೆ ಯಾವ ಮಾಲೂ ಮೇಜು ಬಿಟ್ಟು ಇಳಿಯುತ್ತಿರಲಿಲ್ಲ. ಊದಿದ ಮೇಲೆ ಅದನ್ನು ನಮ್ಮ ಕೈಗೆ ಕೊಡುವ ಗತ್ತು ನೋಡಬೇಕಿತ್ತು, ಸಾಕ್ಷಾತ್ ಅತ್ತರು ಹಚ್ಚಿ ಕೊಟ್ಟ ಹಾಗೆ. ಹಳದಿ ಹಲ್ಲು ಬಿಟ್ಟು ನಗುತ್ತಿದ್ದರು, ನಾವೂ ನಗುತ್ತಿದ್ದೆವು.

ಆ ದಿನಗಳಲ್ಲಿ ಗಿರಾಕಿಗಳು ಅಳತೆ ತರುತ್ತಿದ್ದ ರೀತಿ ನಿಮಗೆ ಗೊತ್ತಿರಲಿಕ್ಕಿಲ್ಲ. ನಿಮಗೆ ಫೋನಿನಲ್ಲಿ ಚಿತ್ರ ಬರುತ್ತದೆ. ನಮಗೆ ಹಳೆಯ ಪೇಪರು ಬರುತ್ತಿತ್ತು. ಫ್ಲ್ಯಾಂಜಿಗೆ ಎಣ್ಣೆ ಸವರಿ, ಪೇಪರನ್ನು ಒತ್ತಿ, ಮೂಡಿದ ಗುರುತನ್ನು ಸುರುಳಿ ಸುತ್ತಿ ತರುತ್ತಿದ್ದರು. ಹೆಬ್ಬಳ್ಳಿಯ ರೈತರೊಬ್ಬರಿಗೆ ಹೊಲದ ಪಂಪಿನ ಹತ್ತಿರ ಪೇಪರು ಸಿಕ್ಕಿರಲಿಲ್ಲ. ಮನೆಯಿಂದ ಬುತ್ತಿ ಬಂದಿತ್ತು. ಮೆತ್ತಗಿನ ಜೋಳದ ರೊಟ್ಟಿಯೊಂದನ್ನು ಫ್ಲ್ಯಾಂಜಿಗೆ ಒತ್ತಿ, ತೂತುಗಳೆಲ್ಲ ಸ್ಪಷ್ಟವಾಗಿ ಮೂಡಿದ್ದನ್ನು ನೋಡಿ ಖುಷಿಯಾಗಿ, ಅರಿವೆಯಲ್ಲಿ ಕಟ್ಟಿ ಇಟ್ಟಿದ್ದಾರೆ. ಹುಬ್ಬಳ್ಳಿಗೆ ಬರಲು ಪುರಸತ್ತಾದದ್ದು ಒಂದೆರಡು ದಿನ ಬಿಟ್ಟು. ನಾನು ಆ ರೊಟ್ಟಿಯನ್ನು ಮೇಜಿನ ಮೇಲಿಟ್ಟು ಬಲು ಕಾಳಜಿಯಿಂದ ಅಳೆದು ಕತ್ತರಿಸಿ ಕೊಟ್ಟೆ. ಹೋದ ಗ್ಯಾಸ್ಕೆಟ್ಟು ಮರುದಿನವೇ ವಾಪಸು ಬಂತು, ಒಂದು ತೂತೂ ಕೂಡಲಿಲ್ಲವಂತೆ. ಒಣಗಿ ಖಡಕ್ಕಾದ ರೊಟ್ಟಿ ಚಿಕ್ಕದಾಗಿರುತ್ತದೆ ಎಂಬುದು ರೊಟ್ಟಿ ತಿಂದು ಬೆಳೆದ ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ತಪ್ಪು ಯಾರದೆಂದು ನೋಡಲು ಸ್ಯಾಂಪಲ್ ಹುಡುಕಿದರೆ, ಖಾದರ ಕಾಕಾ ಅದನ್ನು ಶೇಂಗಾ ಚಟ್ನಿಪುಡಿಯ ಜೊತೆ ಚಹಾದ ಹೊತ್ತಿಗೆ ಮುಗಿಸಿದ್ದರು. ರುಚಿ ಛಲೋ ಇತ್ತು ಅಂದರು. ಆ ರೈತರೇ ಮೊದಲು ನಕ್ಕದ್ದು.

ಇಂಥವು ಬೇಕಾದಷ್ಟಿವೆ. ಆದರೆ ನಾನು ನಿಜವಾಗಿ ಹೇಳಬೇಕೆಂದಿರುವುದು ಅಮ್ಮಿನಬಾವಿಯ ಎಣ್ಣೆ ಮಿಲ್ಲಿನ ಸಂಗತಿ.

ನಮ್ಮ ಮೇಜಿನ ಮೇಲೆ ಆಗ ಕತ್ತರಿಸುತ್ತಿದ್ದುದು ಆಸ್‌ಬೆಸ್ಟಾಸ್ ಶೀಟು. ಉಗಿ, ಬಿಸಿ ಎಣ್ಣೆ ಯಾವುದಕ್ಕೂ ಜಗ್ಗದ ಮಾಲು. ಅದರ ಧೂಳು ಒಳ್ಳೆಯದಲ್ಲ ಎಂದು ನಮಗೆ ತಿಳಿಯುವ ಹೊತ್ತಿಗೆ ಕಾಕಾಗೆ ಕೆಮ್ಮು ಗಂಟುಬಿದ್ದಿತ್ತು. ಮೊದಲು ಬೀಡಿಯ ಮೇಲೆ ಹಾಕಿದರು, ಆಮೇಲೆ ಹವೆಯ ಮೇಲೆ ಹಾಕಿದರು. ಕೊನೆಗೆ ಇನಾಮದಾರ ಸಾಹೇಬರು ತಾವೇ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿದರು. ಹೋದದ್ದು ಹೋಯಿತು, ಇನ್ನು ಈ ಧೂಳು ಒಳಗೆ ಹೋಗಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು. ಮರುದಿನ ನಮ್ಮೆಲ್ಲರ ಮುಖಕ್ಕೂ ಪಟ್ಟಿ ಬಂತು. ಕೆಲವೇ ವಾರದಲ್ಲಿ ಆಸ್‌ಬೆಸ್ಟಾಸ್ ಇಲ್ಲದ ಹೊಸ ಶೀಟೂ ಬಂತು, ತೆಳ್ಳಗೆ, ಹಸಿರು ಬಣ್ಣದ್ದು.

ಗಿರಾಕಿಗಳು ಹಸಿರು ಶೀಟನ್ನು ಮುಟ್ಟಿ ನೋಡಿ ಹಳೆಯದನ್ನೇ ಕೊಡಿ ಎನ್ನುತ್ತಿದ್ದರು. ಇಷ್ಟು ತೆಳ್ಳಗಿನದು ಉಗಿಗೆ ನಿಂತೀತೇ ಎಂಬ ಅನುಮಾನ. ಕಡೆಗೆ ಅಮ್ಮಿನಬಾವಿಯಲ್ಲಿ ಕುಸುಬಿ ಎಣ್ಣೆಯ ಮಿಲ್ಲು ನಡೆಸುವ ವೀರಭದ್ರಪ್ಪನವರು ತಮ್ಮಲ್ಲಿ ಹಾಕಿ ನೋಡೋಣ ಎಂದು ಒಪ್ಪಿದರು. ಅಲ್ಲಿ ಬಾಯ್ಲರಿನ ಉಗಿ ಪೈಪಿನಲ್ಲಿ ಬಂದು ಕುಸುಬಿಯನ್ನು ಬಿಸಿ ಮಾಡುತ್ತದೆ, ಆಮೇಲೆ ಅದು ಗಾಣದ ಮಶೀನಿಗೆ ಇಳಿಯುತ್ತದೆ. ಸುತ್ತಲಿನ ಮಿಲ್ಲಿನವರೆಲ್ಲ ಅಮ್ಮಿನಬಾವಿಯ ಕಡೆ ಕಣ್ಣಿಟ್ಟು ಕೂತರು. ಅಲ್ಲಿ ನಿಂತರೆ ತಾವೂ ಹಾಕಿಸುತ್ತೇವೆ, ನಿಲ್ಲದಿದ್ದರೆ ಹಳೆಯ ಮಾಲನ್ನೇ ಕೊಡಬೇಕು ಎಂದು ಎಲ್ಲರದೂ ಒಂದೇ ಮಾತು. ಹಳೆಯ ಮಾಲೆಂದರೆ ಕಾಕಾ ಮತ್ತೆ ಅದೇ ಧೂಳಿಗೆ. ಬೇರೆ ಕೆಲಸ ಕೊಡುತ್ತೇನೆಂದು ಸಾಹೇಬರು ಎಷ್ಟು ಹೇಳಿದರೂ ಅವರು ಕೇಳುವವರಲ್ಲ. ಮೇಜು ಬಿಟ್ಟು ಗೇಟಿನಲ್ಲಿ ಕೂತರೆ ಕೆಮ್ಮಿಗಿಂತ ಮೊದಲು ಬೇಸರಕ್ಕೇ ಹೋಗುತ್ತೇನೆ ಎಂದಿದ್ದರು.

ಹಸಿರು ಗ್ಯಾಸ್ಕೆಟ್ಟುಗಳನ್ನು ಕಳಿಸಿದೆವು. ಮಿಲ್ಲಿನ ಫಿಟ್ಟರುಗಳು ಕೂಡಿಸಿದರು. ಉಗಿ ಬಿಟ್ಟ ಸ್ವಲ್ಪ ಹೊತ್ತಿಗೆ ಎರಡು ಮೂರು ಕಡೆ ಸುಸ್ ಎಂದಿತು. ಬೋಲ್ಟು ಸಾಲಾಗಿ ಬಿಗಿದಿರಬೇಕು ಎಂದು ಫೋನಿನಲ್ಲಿ ಬುದ್ಧಿ ಹೇಳಿ ಇನ್ನೊಂದು ಸೆಟ್ ಕಳಿಸಿದೆವು. ಈ ಸಲ ಇನ್ನೂ ಜೋರಾಗಿ ಸುಸ್ ಎಂದಿತು. ಸಾಹೇಬರು ಹೋಗಿ ಬಿಚ್ಚಿಸಿ ನೋಡಿದರೆ ಗ್ಯಾಸ್ಕೆಟ್ಟು ಅಂಚಿನಿಂದ ಹೊರಗೆ ಜಾರಿ ಹಿಂಡಿದ ಹಾಗಾಗಿತ್ತು. ಎಣ್ಣೆಯ ಜಿಡ್ಡೇನೋ ಇತ್ತು, ಆದರೆ ಎಣ್ಣೆ ಮಿಲ್ಲಿನಲ್ಲಿ ಜಿಡ್ಡಿಲ್ಲದ್ದು ಯಾವುದಿದೆ? ಶೀಟೇ ದುರ್ಬಲ ಎಂದು ಊರೆಲ್ಲ ತೀರ್ಮಾನವಾಯಿತು. ವೀರಭದ್ರಪ್ಪನವರು ಮರ್ಯಾದಸ್ಥರು, ಇನ್ನೊಮ್ಮೆ ನೋಡೋಣ, ಆಮೇಲೆ ಬೇಡ ಎಂದರು. ಈ ಸಲ ನೀನೇ ಹೋಗಿ ಕೂಡಿಸು ಎಂದು ಸಾಹೇಬರು ನನಗೆ ಹೇಳಿದರು. ಗ್ಯಾಸ್ಕೆಟ್ಟುಗಳನ್ನು ಹಿಂದಿನ ಸಂಜೆಯೇ ಮಿಲ್ಲಿನ ಟೆಂಪೋದಲ್ಲಿ ಕಳಿಸಿದ್ದಾಯಿತು. ನಾನು ಮರುದಿನ ಬೆಳಗಿನ ಬಸ್ಸು ಹಿಡಿದೆ. ಕಾಕಾ ಗೇಟಿನವರೆಗೆ ಬಂದು, ಬೋಲ್ಟು ಬಿಗಿಯುವ ತಮ್ಮ ಪಾನಾವನ್ನು ನನ್ನ ಚೀಲದಲ್ಲಿ ಇಟ್ಟು ಹೋದರು.

ಫಿಟ್ಟರುಗಳು ಇನ್ನೂ ಬಂದಿರಲಿಲ್ಲ. ಮಿಲ್ಲಿಗೆ ಅಂಟಿಕೊಂಡೇ ವೀರಭದ್ರಪ್ಪನವರ ಮನೆ. ಹೆಣ್ಣುಮಗಳು ಹೊರಗೆ ಮಶೀನಿನ ಹತ್ತಿರ ನಿಂತಿದ್ದಾಳೆಂದು ಅವರ ತಾಯಿ ನೀಲವ್ವ ಆಯಿ ಒಳಗೆ ಕರೆಸಿದರು. ಎತ್ತರದ ಹೆಂಗಸು, ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಚುರುಮುರಿ ಸೂಸಲದ ತಾಟು ಕೈಗಿತ್ತು, ಮುತ್ತೈದೆ ಎಂದು ಕುಂಕುಮ ಹಚ್ಚಲು ಬಂದರು. ನಮ್ಮದು ಬುದ್ಧನನ್ನು ನಂಬಿದ ಮನೆತನ, ನಮ್ಮಲ್ಲಿ ಈ ರೂಢಿ ಇಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಆಯಿ ಒಂದು ಗಳಿಗೆ ನನ್ನನ್ನು ನೋಡಿ, ಹಂಗಾದರೆ ಹೂವಿಗೆ ಅಡ್ಡಿ ಇಲ್ಲವಲ್ಲ ಎಂದು ಅಬ್ಬಲಿಗೆಯ ಮಾಲೆಯನ್ನು ತಾವೇ ನನ್ನ ಜಡೆಗೆ ಮುಡಿಸಿದರು. ಆ ಕೈಯ ಸಲಿಗೆ ನನಗೆ ಹಿಡಿಸಿತು. ಹೂವು ತೆಗೆಯಲು ಅವರು ತೆರೆದಿದ್ದ ದೇವರ ಕೋಣೆಯ ಬಾಗಿಲು ಹಾಗೇ ಇತ್ತು. ತಾಟು ಹಿಡಿದು ಆ ಕಡೆ ನೋಡಿದೆ.

ದೇವರ ಜಗಲಿಯ ಮೇಲೆ ನನ್ನ ಗ್ಯಾಸ್ಕೆಟ್ಟುಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದಕ್ಕೂ ಸುತ್ತಲೂ ಮೂರೆಳೆ ವಿಭೂತಿ, ವಿಭೂತಿಯ ಮೇಲೆ ಕುಂಕುಮ, ಎಲ್ಲದರ ಮೇಲೂ ಕುಸುಬಿ ಎಣ್ಣೆ ಮಿರಿಮಿರಿ. ನಡುವಿನ ತೂತಿನಲ್ಲಿ ಒಂದೊಂದು ದಾಸವಾಳ.

ಕೇಳಿದರೆ ಆಯಿ ಸಹಜವಾಗಿ ಹೇಳಿದರು. "ಮಿಲ್ಲಿಗೆ ಹೊಸಾದು ಏನ ಬಂದ್ರೂ ಮೊದಲ ಜಗಲಿಗೆ ಬರತೈತಿ ತಂಗಿ. ನಮ್ಮ ಅತ್ತಿಯವರ ಕಾಲದಿಂದ ಹಂಗ ಐತಿ. ಎತ್ತಿನ ಗಾಣ ಇದ್ದಾಗೂ ಹಂಗ, ಮಶೀನ ಬಂದ ಮ್ಯಾಲೂ ಹಂಗ."

ಆಮೇಲೆ ಹೇಳಿದ್ದು ಇನ್ನೂ ಚೆಂದ. ಮೊದಲ ಸಲ ಹಸಿರು ಸಾಮಾನು ಬಂದಾಗ ಎಂದಿನಂತೆ ಒಂದೊಂದು ಬೊಟ್ಟು ಹಚ್ಚಿ, ಎಣ್ಣೆ ಮುಟ್ಟಿಸಿ ಕಳಿಸಿದ್ದರಂತೆ. ಅದು ಸೋರಿತು. ತಮ್ಮ ಭಕ್ತಿ ಕಡಿಮೆ ಬಿತ್ತೆಂದು ಎರಡನೆಯ ಸಲ ಒಂದು ಮಗ್ಗುಲಿಗೆ ಪೂರಾ ಹಚ್ಚಿದರು. ಅದು ಇನ್ನೂ ಸೋರಿತು. ಆದ್ದರಿಂದ ಈ ಸಲ ನಸುಕಿನಲ್ಲೇ ಜಳಕ ಮಾಡಿ, ಎರಡೂ ಮಗ್ಗುಲಿಗೆ ಮನಸ್ಸು ತುಂಬುವವರೆಗೆ ಹಚ್ಚಿದ್ದರು.

"ಈ ಸಲ ಸಾಕಾತಲ್ಲವಾ?" ಎಂದು ನನ್ನನ್ನೇ ಕೇಳಿದರು.

ನನಗೆ ಮೊದಲು ಆದದ್ದು ಸಂತೋಷ, ಅದನ್ನು ಮುಚ್ಚಿಡುವುದೇಕೆ. ಶೀಟಿನ ತಪ್ಪಿಲ್ಲ! ಕಾಕಾನ ಹಸಿರು ಶೀಟು ಅಪ್ಪಟ ನಿರಪರಾಧಿ! ಹಳೆಯ ಗ್ಯಾಸ್ಕೆಟ್ಟುಗಳಿಗೆ ಫಿಟ್ಟರುಗಳು ಎರಡೂ ಕಡೆ ದಪ್ಪಗೆ ಕರಿ ಪೇಸ್ಟು ಬಳಿಯುತ್ತಿದ್ದರು, ಆಯಿಯ ಬೊಟ್ಟು ಅದರಲ್ಲಿ ಮುಳುಗಿಹೋಗುತ್ತಿತ್ತು. ಹೊಸ ಶೀಟಿಗೆ ಪೇಸ್ಟು ಬೇಡ, ಅದನ್ನು ಒಣದಾಗಿಯೇ ಕೂಡಿಸಬೇಕು. ಎಣ್ಣೆ ಹತ್ತಿದರೆ ಬಿಗಿದಾಗ ಜಾರಿ ಹೊರಗೆ ಬರುತ್ತದೆ. ಸೋರಿದ ಉಗಿಗೆ ವಿಭೂತಿ, ಕುಂಕುಮ ತೊಳೆದುಹೋಗಿ, ಬಿಚ್ಚಿಸಿ ನೋಡಿದ ಸಾಹೇಬರಿಗೆ ಕಂಡದ್ದು ಜಿಡ್ಡು ಮಾತ್ರ. ಫಿಟ್ಟರುಗಳು ದಿನವೂ ಇದನ್ನು ನೋಡಿದವರೇ, ಆದರೆ ದೇವರ ಮುಂದಿನಿಂದ ಬಂದ ವಿಭೂತಿಯನ್ನು ಒರೆಸುವವರು ಯಾರು? ಅದು ಹೇಳಬೇಕಾದ ಸಂಗತಿ ಎಂದೂ ಅವರಿಗೆ ಅನಿಸಿರಲಿಲ್ಲ. ಆಮೇಲೆ ವೀರಭದ್ರಪ್ಪನವರನ್ನು ಕೇಳಿದರೆ, "ಅದರಾಗ ಹೇಳೂದೇನೈತ್ರಿ, ಎಲ್ಲಾರ ಮನ್ಯಾಗೂ ಮಾಡೂದ" ಎಂದರು. ಎಲ್ಲರ ಮನೆಯಲ್ಲೂ ಇದ್ದದ್ದು ನಮ್ಮ ಮನೆಯಲ್ಲಿ ಇರಲಿಲ್ಲ, ಅದಕ್ಕೇ ನನ್ನ ಕಣ್ಣಿಗೆ ಬಿತ್ತು. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಸಂತೋಷದ ಹಿಂದೆಯೇ ಸಂಕಟ ಬಂತು. ಮಿಲ್ಲಿಗೆ ಒಳ್ಳೆಯದಾಗಲೆಂದು ನಸುಕಿನಲ್ಲಿ ಎದ್ದು ಹಚ್ಚಿದ ಕೈಗೆ, ಸೋರಿಕೆ ನಿಮ್ಮಿಂದಲೇ ಎಂದು ಹೇಗೆ ಹೇಳುವುದು? ಅಪ್ಪ ನಮಗೆ ಕಲಿಸಿದ್ದು ಒಂದೇ, ನಿಮಗೆ ಬೇಡವಾದದ್ದನ್ನು ಬಿಡಿ, ಬೇಕಾದವರನ್ನು ನೋಡಿ ನಗಬೇಡಿ. ಹೇಳದೆ ಒರೆಸಿ ಕೂಡಿಸಿಬಿಡಬಹುದಿತ್ತು. ಮುಂದಿನ ಸಲ ಮತ್ತೆ ಸೋರುತ್ತಿತ್ತು, ಅದೂ ಅಲ್ಲದೆ ಈಗಷ್ಟೇ ಹೂ ಮುಡಿಸಿದವರ ಬೆನ್ನ ಹಿಂದೆ ಒರೆಸಲು ನನಗೆ ಮನಸ್ಸಾಗಲಿಲ್ಲ. ಸೂಸಲದ ತಾಟು ಕೆಳಗಿಟ್ಟು, ಎರಡು ಖಾಲಿ ತಾಟು ಕೇಳಿದೆ. ಒಂದರ ಬೆನ್ನಿನ ಮೇಲೆ ಎಣ್ಣೆ ಹಚ್ಚಿದ ಗ್ಯಾಸ್ಕೆಟ್ಟು ಇಟ್ಟು, ಮೇಲೆ ಇನ್ನೊಂದರ ಬೆನ್ನು ಕೂಡಿಸಿ ಒತ್ತಿದೆ. ಸರ್ರನೆ ಪಕ್ಕಕ್ಕೆ ಜಾರಿತು. ಆಮೇಲೆ ತಾಟುಗಳನ್ನೂ ಒಂದು ಗ್ಯಾಸ್ಕೆಟ್ಟನ್ನೂ ಅವರನ್ನೇ ಕೇಳಿ ಒರೆಸಿ ಒತ್ತಿದೆ, ಕದಲಲಿಲ್ಲ. ಮಿಲ್ಲಿನ ಮನೆಯವರಿಗೆ ಎಣ್ಣೆಯ ಜಾರು ಬಿಡಿಸಿ ಹೇಳಬೇಕಾಗಲಿಲ್ಲ. ಖಾದರ ಕಾಕಾನ ಕೆಮ್ಮಿನ ವಿಷಯ, ಈ ಶೀಟು ನಿಲ್ಲದಿದ್ದರೆ ಅವರು ಮತ್ತೆ ಧೂಳಿಗೆ ಹೋಗುವ ವಿಷಯ, ಅದನ್ನೂ ಹೇಳಿದೆ.

ಆಯಿಯ ಮುಖ ಸಣ್ಣದಾಯಿತು. ಆಮೇಲೆ ಗ್ಯಾಸ್ಕೆಟ್ಟನ್ನು ಎತ್ತಿ, ತಿರುವಿ ಹಾಕಿ ನೋಡಿ, ಸ್ವಲ್ಪ ಸಿಟ್ಟಿನಿಂದಲೇ ಅಂದರು.

"ನಾ ಏನ ಮಾಡಲಿ ಹೇಳು. ಮನಷ್ಯಾರಿಗೆ ಹಣಿ ಐತಿ, ದನಕ್ಕ ಹಣಿ ಐತಿ, ಮನಿ ಬಾಗಲಕ್ಕ ಹಣಿ ಐತಿ. ಇದಕ್ಕ ಹಣಿ ಎಲ್ಲೈತಿ? ಬರೇ ಮಾರೀನ ಐತಿ. ಹಣಿ ಇದ್ದಿದ್ರ ನಾ ಮಾರಿಗೆ ಯಾಕ ಹಚ್ಚತಿದ್ನಿ?"

ಬರೀ ಮುಖವಿದೆ, ಹಣೆ ಇಲ್ಲ ಎಂಬ ಆ ಮಾತು ಕೇಳಿದ್ದೇ ನಾನು ಓಡಿಹೋಗಿ ಮಿಲ್ಲಿನ ಆಫೀಸಿನಿಂದ ಸಾಹೇಬರಿಗೆ ಫೋನು ಮಾಡಿದೆ. ಎಲ್ಲ ಹೇಳಿ, ಗ್ಯಾಸ್ಕೆಟ್ಟಿಗೆ ಒಂದು ಹಣೆ ಬಿಟ್ಟು ಕತ್ತರಿಸೋಣ ಎಂದೆ. ಬೋಲ್ಟುಗಳ ನಡುವಿನಿಂದ ಹೊರಗೆ ಚಾಚಿರುವ ಒಂದು ನಾಲಿಗೆ, ಒಳಗಿನ ಬಳೆ ಒಣದಾಗಿರಲಿ, ಹಚ್ಚುವುದೆಲ್ಲ ಹೊರಗಿನ ಆ ತುಂಡಿಗೆ. ಆ ಕಡೆ ಸಾಹೇಬರು ಕೆನ್ನೆ ಸವರಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಿತ್ತು.

"ಹಣಿ ಎಷ್ಟು ಅಗಲ ಇರಬೇಕು?" ಎಂದರು ಕಡೆಗೆ.

ಆಯಿಯ ಮೂರು ಬೆರಳಿನಷ್ಟು ಎಂದೆ.

ಮಧ್ಯಾಹ್ನದ ಹೊತ್ತಿಗೆ ಸಾಹೇಬರ ಕಾರು ಬಂತು. ಹಿಂದಿನ ಸೀಟಿನಲ್ಲಿ ಹಸಿರು ಶೀಟು, ಅದನ್ನು ತಬ್ಬಿಕೊಂಡು ಖಾದರ ಕಾಕಾ. ಮಿಲ್ಲಿನ ಪಡಸಾಲೆಯಲ್ಲಿ ಶೀಟು ಹಾಸಿದರು. ಕಾಕಾ ಬಹಳ ಅದಬಿನಿಂದ, ಇಲ್ಲಿ ಕೈ ಇಡ್ರಿ ಅಮ್ಮಾರ ಎಂದರು. ಆಯಿ ವಿಭೂತಿ ಹಚ್ಚುವಂತೆಯೇ ಮೂರು ಬೆರಳು ಜೋಡಿಸಿ ಶೀಟಿನ ಮೇಲೆ ಇಟ್ಟರು. ಕಾಕಾ ಆ ಬೆರಳುಗಳ ಅಕ್ಕಪಕ್ಕ ಪೆನ್ಸಿಲಿನಿಂದ ಗೆರೆ ಎಳೆದರು. ದೊಡ್ಡ ಕಂಪನಿಗಳ ಗ್ಯಾಸ್ಕೆಟ್ಟುಗಳಿಗೆ ಇಂಥ ಕಿವಿ ಇರುವುದುಂಟೆಂದು ನನಗೆ ಆಮೇಲೆ ತಿಳಿಯಿತು. ನಮ್ಮದಕ್ಕೆ ಮಾತ್ರ ಅಳತೆ ಬಂದದ್ದು ಹೀಗೆ.

ಕಾಕಾ ಕತ್ತರಿಸಿದರು, ಊದಿದರು, ನನಗೆ ಕೊಟ್ಟರು. ನಾನು ಫ್ಲ್ಯಾಂಜನ್ನು ಕನ್ನಡಿಯಂತೆ ಒರೆಸಿ ಕೂಡಿಸಿದೆ. ಬೋಲ್ಟನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿದೆ. ಎಲ್ಲ ಮುಗಿದ ಮೇಲೆ ಆಯಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಪೈಪಿನುದ್ದಕ್ಕೂ ನಡೆಯುತ್ತ, ಹೊರಗೆ ಚಾಚಿದ ಪ್ರತಿ ಹಣೆಗೂ ಮೂರೆಳೆ ಎಳೆದು, ಕುಂಕುಮವಿಟ್ಟು, ಎಣ್ಣೆ ಮುಟ್ಟಿಸಿದರು. ಅಷ್ಟು ಚೆಂದದ ಪೈಪನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ವೀರಭದ್ರಪ್ಪನವರು ಉಗಿ ಬಿಟ್ಟರು. ಪೈಪು ಬಿಸಿಯಾಗುವ ಟಕಟಕ ಸದ್ದು ಕೇಳಿತು. ಎಲ್ಲರೂ ಸುಸ್ ಎನ್ನುವುದನ್ನೇ ಕಾಯುತ್ತ ನಿಂತೆವು. ಕಿವಿಗೆ ಕೇಳದ ಸೋರಿಕೆಯೂ ಇರುತ್ತದೆ, ಅದನ್ನು ಹಿಡಿಯಲು ಕಾಕಾ ತಮ್ಮ ಊಟದ ಡಬ್ಬಿಯ ಸ್ಟೀಲಿನ ಮುಚ್ಚಳ ತಂದಿದ್ದರು. ತಣ್ಣಗಿನ ಮುಚ್ಚಳವನ್ನು ಜೋಡಣೆಯ ಹತ್ತಿರ ಹಿಡಿದರೆ, ಎಳೆಯಷ್ಟು ಉಗಿ ಹೊರಬಿದ್ದರೂ ಮಂಜು ಹಿಡಿಯುತ್ತದೆ. ಒಂದೊಂದೇ ಜೋಡಣೆಗೆ ಹಿಡಿದು, ನೋಡಿ, ಮುಂದೆ ಹೋದರು. ಕೊನೆಯದನ್ನೂ ನೋಡಿ, ಮುಚ್ಚಳವನ್ನು ತಿರುಗಿಸಿ ನಮಗೆ ತೋರಿಸಿದರು. ಮಂಜು ಹಿಡಿದಿತ್ತು.

ಸಾಹೇಬರ ಕೈ ಕೆನ್ನೆಯ ಮೇಲೇ ನಿಂತಿತು. ಕಾಕಾ ಹಳದಿ ಹಲ್ಲು ಬಿಟ್ಟರು.

"ಪೈಪಿಂದಲ್ಲ ಬೇಟಿ," ಎಂದರು. "ಇದು ನನ್ನ ಉಸಿರು. ಮುಚ್ಚಳ ಖರೇ ಹೇಳತೈತೋ ಇಲ್ಲೋ ಅಂತ ಊದಿ ನೋಡಿದೆ."

ಅವರನ್ನು ಬೈಯಲು ಬಾಯಿ ತೆರೆದವಳು ಅಳುತ್ತಲೂ ನಗುತ್ತಲೂ ಅಲ್ಲೇ ಕುಸುಬಿಯ ಚೀಲದ ಮೇಲೆ ಕೂತುಬಿಟ್ಟೆ. ಸಾಹೇಬರು ಆ ವಾರವೇ ಗೋದಾಮಿನಲ್ಲಿ ಉಳಿದಿದ್ದ ಆಸ್‌ಬೆಸ್ಟಾಸ್ ಶೀಟನ್ನೆಲ್ಲ ಕಟ್ಟಿಸಿ ಮುಚ್ಚಿಸಿ, ವಾಪಸು ತೆಗೆದುಕೊಳ್ಳುವಂತೆ ತಂದವರಿಗೆ ಹೇಳಿ ಕಳಿಸಿದರು. ಸುತ್ತಲಿನ ಮಿಲ್ಲುಗಳು ಒಂದೊಂದಾಗಿ ಹಸಿರಿಗೆ ಬಂದವು. ಕಾಕಾಗೆ ಹೋದ ಉಸಿರು ಪೂರ್ತಿ ತಿರುಗಿ ಬರಲಿಲ್ಲ, ಸುಳ್ಳು ಹೇಳಬಾರದು. ಇದ್ದದ್ದು ಉಳಿಯಿತು. ಅದರಲ್ಲೇ ಅವರು ಮೇಜಿನ ಹಿಂದೆ ಇನ್ನೂ ಎಷ್ಟೋ ವರ್ಷ ನಿಂತರು, ಮೊಮ್ಮಕ್ಕಳ ಮದುವೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದರು.

ಹಣೆ ಎಂಬ ಹೆಸರು ನಮ್ಮಲ್ಲಿ ನಿಂತುಹೋಯಿತು. ಬೇರೆಯವರು ಅದರ ಉಪಯೋಗ ಕಂಡುಕೊಂಡರು. ಹೊರಗೆ ಕಾಣುವ ತುಂಡಿನ ಮೇಲೆ ಯಾವ ಶೀಟು, ಯಾವ ಅಳತೆ ಎಂದು ಬರೆದರೆ ಬಿಚ್ಚದೆಯೇ ಗೊತ್ತಾಗುತ್ತದಲ್ಲ. ವಿಭೂತಿ ಹಚ್ಚುವವರು ಹಚ್ಚಿದರು, ಬರೆಯುವವರು ಬರೆದರು. ದೂರದ ಊರಿನ ಗಿರಾಕಿಯೊಬ್ಬರು ಮಾತ್ರ ಇದು ಕತ್ತರಿಸುವಾಗ ಉಳಿದುಹೋದ ತುಂಡೆಂದು ತಿಳಿದು, ಹಣೆಗಳನ್ನೆಲ್ಲ ಕತ್ತರಿಯಿಂದ ನೀಟಾಗಿ ಕತ್ತರಿಸಿ, ಪೊಟ್ಟಣ ಕಟ್ಟಿ, ಇನ್ನು ಮುಂದೆ ಜಾಗ್ರತೆಯಿಂದ ಕೆಲಸ ಮಾಡಿರಿ ಎಂದು ಬರೆದು ನಮಗೆ ವಾಪಸು ಕಳಿಸಿದ್ದರು. ಈಗ ಕಂಪ್ಯೂಟರಿನ ಮಶೀನು ಬಂದಿದೆ, ಚಿತ್ರ ಕೊಟ್ಟರೆ ತಾನೇ ಕತ್ತರಿಸುತ್ತದೆ. ಅದನ್ನು ನಡೆಸುವ ಹುಡುಗಿ ನನ್ನನ್ನು ಮೊದಲು ಕೇಳಿದ ಪ್ರಶ್ನೆ, ಮೇಡಂ, ಹಣಿ ಬಿಡಬೇಕೇನ್ರಿ ಎಂಬುದು. ಮಶೀನು ಊದುವುದಿಲ್ಲ, ಧೂಳನ್ನು ತಾನೇ ಹೀರಿಕೊಳ್ಳುತ್ತದೆ. ಅದನ್ನು ನೋಡಿ ಕಾಕಾ, ನಾವಿಬ್ಬರೂ ಮಾಡಿದ್ದು ಒಂದೇ ಕೆಲಸ, ಇದಕ್ಕೆ ಮಾತ್ರ ಕೆಮ್ಮಿಲ್ಲ ಎಂದಿದ್ದರು.

ಆದ್ದರಿಂದ ನಿಮಗೆ ನಾನು ಹೇಳುವುದಿಷ್ಟೇ. ಸೋರಿದರೆ ಶೀಟನ್ನು ಬೈಯುವ ಮೊದಲು, ಫಿಟ್ಟರನ್ನು ಬೈಯುವ ಮೊದಲು, ಅದು ನಿಮ್ಮ ಮೇಜಿನಿಂದ ಇಳಿದು ಪೈಪು ಸೇರುವವರೆಗೆ ಯಾರ ಯಾರ ಕೈಯಲ್ಲಿ ಹೋಗಿ ಬಂತೆಂದು ಕೇಳಿರಿ. ಒಳಗೆ ಚಹಾಕ್ಕೆ ಕರೆದರೆ ಹೋಗಿರಿ.

ನನ್ನ ಕೆಲಸದ ಕೊನೆಯ ದಿನ ವರ್ಕ್‌ಶಾಪಿನಲ್ಲಿ ಸಣ್ಣ ಸಮಾರಂಭ ಇಟ್ಟುಕೊಂಡಿದ್ದರು. ಶಾಲು, ಹಣ್ಣಿನ ಬುಟ್ಟಿ, ಸಾಹೇಬರ ಉದ್ದ ಭಾಷಣ. ನಡುವೆ ಒಂದು ಕಾರು ಬಂದು ನಿಂತಿತು. ವೀರಭದ್ರಪ್ಪನವರು ತಾಯಿಯ ರಟ್ಟೆ ಹಿಡಿದು ಇಳಿಸಿದರು. ನೀಲವ್ವ ಆಯಿ ಬಾಗಿದ್ದರು, ಆದರೆ ಕಣ್ಣು ಅವೇ. ಕೆಲಸ ಬಿಟ್ಟು ವರ್ಷಗಳಾಗಿದ್ದ ಕಾಕಾ ಕುರ್ಚಿಯಿಂದ ಎದ್ದು ಅವರಿಗೆ ಜಾಗ ಮಾಡಿಕೊಟ್ಟರು. ಆಯಿ ಕೂರಲಿಲ್ಲ. ನೀರು ಕೇಳಿ ಕೈ ತೊಳೆದುಕೊಂಡರು. ಸೆರಗಿನಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡರು, ಸಂದುಗಳನ್ನೂ ಬಿಡಲಿಲ್ಲ. ನಮಗೆಲ್ಲ ಇದೇನೆಂದು ತಿಳಿಯಲಿಲ್ಲ. ಆಮೇಲೆ ನನ್ನ ಮುಂದೆ ಬಂದು, ವಿಭೂತಿ ಇಲ್ಲದ, ಕುಂಕುಮವಿಲ್ಲದ ಆ ಮೂರು ಬೆರಳುಗಳನ್ನು ನನ್ನ ಬರಿ ಹಣೆಯ ಮೇಲೆ ಇಟ್ಟರು.

"ಒಣಾ ಕೈ ಐತಿ ನೋಡವಾ," ಎಂದರು. "ಸೋರೂದಿಲ್ಲ."

ನಾನು ತಲೆ ಎತ್ತಲಿಲ್ಲ. ಖಾದರ ಕಾಕಾ ಬುಟ್ಟಿಯ ಹತ್ತಿರವಿದ್ದ ತಮ್ಮ ಡಬ್ಬಿಯ ಮುಚ್ಚಳ ತೆಗೆದು, ಮೆಲ್ಲಗೆ ನನ್ನ ಕಣ್ಣಿನ ಕೆಳಗೆ ಹಿಡಿದು, ತಿರುಗಿಸಿ ನೋಡಿದರು.

"ಇಲ್ಲಿ ಸೋರಾಕತ್ತೈತ್ರಿ ಅಮ್ಮಾರ."